ಘಟ್ಟ ಹತ್ತುವಾಗ ಕಾರು ಮುಗ್ಗರಿಸಿದರೆ ಮೊದಲು ಪ್ಲಗ್ ವಯರ್ ನೋಡಿ

ಕುಮಟಾದಿಂದ ಹೊರಟು ಕತಗಾಲ ದಾಟುವವರೆಗೆ ನಮ್ಮ ಹಳೆ ಮಾರುತಿ 800 ಚೆನ್ನಾಗಿಯೇ ಓಡುತ್ತಿತ್ತು. ದೇವಿಮನೆ ಘಟ್ಟ ಶುರುವಾಗಿ, ಎರಡನೇ ಗೇರಿಗೆ ಇಳಿಸಿ, ಆಕ್ಸಿಲರೇಟರ್ ಒತ್ತಿದ ಕೂಡಲೇ ತೊಂದರೆ ಶುರು. ಯಾರೋ ಹಿಂದಿನಿಂದ ಹಿಡಿದೆಳೆದು ಬಿಟ್ಟ ಹಾಗೆ ಜರ್ಕು. ಒತ್ತಿದಷ್ಟೂ ಜಾಸ್ತಿ, ಕಾಲು ಸಡಿಲಿಸಿದರೆ ಕಡಿಮೆ. ಜುಲೈ ತಿಂಗಳ ಮಳೆ. ಹಿಂದಿನ ಸೀಟಿನಲ್ಲಿ ಅಮ್ಮ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಹೇಗೋ ಘಟ್ಟದ ತಲೆ ಮುಟ್ಟಿ ಬಂಡಲದ ಕಡೆ ರಸ್ತೆ ಸಮವಾಯಿತು ಅನ್ನುವಾಗ ಜರ್ಕು ತಾನಾಗಿಯೇ ನಿಂತಿತು. ಶಿರಸಿ ಪೇಟೆಯಲ್ಲಿ ಗಾಡಿ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿತು.

ಗ್ಯಾರೇಜಿನಲ್ಲಿ ತೋರಿಸಿದಾಗ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬರೇಟರ್ ಬಿಚ್ಚಿ ತೊಳೆದು ಕೊಟ್ಟರು. ಎರಡು ವಾರ ಬಿಟ್ಟು ಮತ್ತೆ ಅದೇ ಕಥೆ. ಮತ್ತೆ ಕಾರ್ಬರೇಟರ್ ಬಿಚ್ಚಿದರು, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು. ಎರಡೂ ಸಲ ಗಾಡಿ ಓಡಿಸಿ ನೋಡಿದ್ದು ಬಿಸಿಲು ಬಂದ ದಿನ, ಸಪಾಟು ರಸ್ತೆಯಲ್ಲಿ. ತೊಂದರೆ ಕಾಣಿಸಲೇ ಇಲ್ಲ. ಕೊನೆಗೆ ನೆರೆಮನೆಯ ಹಿರಿಯರೊಬ್ಬರು, ಬಹಳ ವರ್ಷ ಟೆಂಪೊ ಓಡಿಸಿದವರು, ‘ರಾತ್ರಿ ದೀಪ ಆರಿಸಿ ಬಾನೆಟ್ ಎತ್ತಿ ನೋಡು’ ಅಂದರು.

ಅಂದು ರಾತ್ರಿ ಅಂಗಳದ ದೀಪ ಆರಿಸಿ, ಎಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದು ನಿಮಿಷ ಬೇಕಾಯಿತು. ಆಮೇಲೆ ಕಂಡಿತು. ನಡುವಿನ ಸಿಲಿಂಡರಿಗೆ ಹೋಗುವ ವಯರಿನ ಬೆನ್ನಿನಿಂದ ಎಂಜಿನ್ನಿನ ಲೋಹಕ್ಕೆ ಕೂದಲೆಳೆಯಷ್ಟು ತೆಳ್ಳಗಿನ ನೀಲಿ ಕಿಡಿ ಹಾರುತ್ತಿತ್ತು. ಜೊತೆಗೆ ಟಿಕ್ ಟಿಕ್ ಅಂತ ಸಣ್ಣ ಸದ್ದು. ಪ್ಲಗ್ಗಿನ ತುದಿಯಲ್ಲಿ ಪೆಟ್ರೋಲಿಗೆ ಬೆಂಕಿ ಹಚ್ಚಬೇಕಾದ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿತ್ತು.

ನಾಲ್ಕು ತುಂಡು ವಯರ್ ಬದಲಾಯಿಸಿದ ಮೇಲೆ ಗಾಡಿ ಘಟ್ಟವನ್ನು ಸಲೀಸಾಗಿ ಹತ್ತಿತು. ಇದನ್ನು ಮನೆಯಂಗಳದಲ್ಲೇ ಮಾಡಬಹುದು. ಆದರೆ ಕೈ ಹಾಕುವ ಮೊದಲು ಆ ವಯರಿನಲ್ಲಿ ಏನು ನಡೆಯುತ್ತದೆ, ನಮ್ಮೂರಿನ ಹವೆ ಅದಕ್ಕೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಬೇಕು. ಆಗ ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಸುಮ್ನೆ ಬಿಚ್ಚಬಾರದು ಅಂತ ನಮಗೇ ಗೊತ್ತಾಗುತ್ತದೆ.

ಕಿಡಿ ಹುಟ್ಟುವುದು ಹೇಗೆ

ಕಾರಿನ ಬ್ಯಾಟರಿ ಕೊಡುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಸಂದು ಇರುತ್ತದೆ. ಆ ಸಂದನ್ನು ಹಾರಲು 12 ವೋಲ್ಟ್ ಎಲ್ಲಿ ಸಾಕು? ಸಾವಿರಾರು ವೋಲ್ಟ್ ಬೇಕು. ಅಷ್ಟಕ್ಕೆ ಏರಿಸುವ ಕೆಲಸ ಇಗ್ನಿಷನ್ ಕಾಯಿಲಿನದು. ಅದರೊಳಗೆ ಕಬ್ಬಿಣದ ದಿಂಡಿಗೆ ಎರಡು ಸುರುಳಿ ಸುತ್ತಿರುತ್ತಾರೆ. ಒಂದು ದಪ್ಪ ತಂತಿಯದು, ಕೆಲವೇ ನೂರು ಸುತ್ತು. ಇನ್ನೊಂದು ಕೂದಲಿನಂಥ ತಂತಿಯದು, ಸಾವಿರಾರು ಸುತ್ತು. ದಪ್ಪ ಸುರುಳಿಯಲ್ಲಿ ಬ್ಯಾಟರಿಯ ಕರೆಂಟ್ ಹರಿಯುವಾಗ ಅಲ್ಲಿ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಆ ಕರೆಂಟನ್ನು ಫಕ್ಕನೆ ಕಡಿದರೆ ಕಾಂತಶಕ್ತಿ ಕುಸಿದು ಸಣ್ಣ ತಂತಿಯ ಸುರುಳಿಯಲ್ಲಿ ವೋಲ್ಟೇಜ್ ಚಿಮ್ಮುತ್ತದೆ. ಹತ್ತು ಸಾವಿರ, ಬೇಕಾದರೆ ಇಪ್ಪತ್ತು ಸಾವಿರ ವೋಲ್ಟಿನವರೆಗೂ ಹೋಗುತ್ತದೆ. ಹಳೆ ಗಾಡಿಗಳಲ್ಲಿ ಕರೆಂಟ್ ಕಡಿಯುವ ಕೆಲಸವನ್ನು ‘ಪಾಯಿಂಟ್’ ಮಾಡುತ್ತದೆ. ಆಮೇಲಿನವುಗಳಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇದೆ.

ಕಾಯಿಲಿನಿಂದ ಹೊರಟ ಈ ವೋಲ್ಟೇಜ್ ನಡುವಿನ ದಪ್ಪ ವಯರಿನಲ್ಲಿ ಡಿಸ್ಟ್ರಿಬ್ಯೂಟರಿಗೆ ಬರುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಇದನ್ನು ‘ಡೆಲ್ಕೋ’ ಅನ್ನುತ್ತಾರಲ್ವಾ? ಅದು ಮೂಲದಲ್ಲಿ ಒಂದು ಕಂಪನಿಯ ಹೆಸರು. ಅಮೆರಿಕದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ 1909ರಲ್ಲಿ ಕಟ್ಟಿದ ‘ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ’ಯ ಮೊದಲಕ್ಷರಗಳೇ ಡೆಲ್ಕೋ. ಬ್ಯಾಟರಿ, ಕಾಯಿಲ್, ಪಾಯಿಂಟ್ ಸೇರಿಸಿ ಕಿಡಿ ಹುಟ್ಟಿಸುವ ವ್ಯವಸ್ಥೆಯನ್ನು ಕಾರಿಗೆ ಹೊಂದಿಸಿ ಬಳಕೆಗೆ ತಂದವನು ಇದೇ ಕೆಟರಿಂಗ್. ನೂರು ವರ್ಷ ದಾಟಿದರೂ ಆ ಹೆಸರು ನಮ್ಮೂರಿನ ಗ್ಯಾರೇಜುಗಳಲ್ಲಿ ಉಳಿದಿದೆ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಗಿತ್ತು.

ಡೆಲ್ಕೋದ ಮುಚ್ಚಳದ ಒಳಗೆ ರೋಟರ್ ತಿರುಗುತ್ತಾ ಇರುತ್ತದೆ. ಊಟದ ಪಂಕ್ತಿಯಲ್ಲಿ ಬಡಿಸುವವರು ಒಂದೊಂದೇ ಎಲೆಯ ಮುಂದೆ ನಿಂತು ಬಡಿಸುವ ಹಾಗೆ, ಅದು ಒಂದೊಂದು ಸಿಲಿಂಡರಿನ ವಯರಿಗೂ ಸರದಿಯಲ್ಲಿ ಕಿಡಿ ಕೊಡುತ್ತದೆ. ಇದರ ವೇಗ ಸ್ವಲ್ಪ ಲೆಕ್ಕ ಹಾಕಿ ನೋಡಿ. ಎಂಜಿನ್ ಎರಡು ಸುತ್ತು ತಿರುಗಿದಾಗ ಒಂದು ಸಿಲಿಂಡರಿಗೆ ಒಂದು ಕಿಡಿ ಬೇಕು. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೆ ನಿಮಿಷಕ್ಕೆ 1,500, ಅಂದರೆ ಸೆಕೆಂಡಿಗೆ 25 ಕಿಡಿ. ಮೂರು ಸಿಲಿಂಡರ್ ಸೇರಿದರೆ ಸೆಕೆಂಡಿಗೆ 75. ಕುಮಟಾದಿಂದ ಶಿರಸಿ ಮುಟ್ಟುವಷ್ಟರಲ್ಲಿ ಒಂದೊಂದು ವಯರಿನಲ್ಲೂ ಲಕ್ಷಕ್ಕಿಂತ ಜಾಸ್ತಿ ಕಿಡಿ ಹಾದುಹೋಗಿರುತ್ತದೆ.

ಡೀಸೆಲ್ ಜೀಪು ಇದ್ದವರಿಗೆ ಈ ತಲೆಬಿಸಿಯೇ ಇಲ್ಲ. ಅಲ್ಲಿ ಗಾಳಿಯನ್ನು ಒತ್ತಿ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳಲ್ಲೂ ಒಂದೊಂದು ಪ್ಲಗ್ಗಿನ ತಲೆಯ ಮೇಲೇ ಒಂದೊಂದು ಸಣ್ಣ ಕಾಯಿಲ್ ಕೂತಿರುತ್ತದೆ, ಉದ್ದ ವಯರ್ ಇರುವುದಿಲ್ಲ. ನಾನು ಹೇಳುತ್ತಿರುವುದು ಹಳೆ 800, ಓಮ್ನಿ, ಪದ್ಮಿನಿ, ಪೆಟ್ರೋಲ್ ಅಂಬಾಸಡರ್ ಥರದ ಗಾಡಿಗಳ ಬಗ್ಗೆ.

ಘಟ್ಟದಲ್ಲೇ ಯಾಕೆ?

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ವಯರ್ ಒಡೆದಿದ್ದರೆ ಸಪಾಟು ರಸ್ತೆಯಲ್ಲೂ ಮಿಸ್ಸಿಂಗ್ (ಕಿಡಿ ತಪ್ಪಿ ಎಂಜಿನ್ ಮುಗ್ಗರಿಸುವುದು) ಹೊಡೆಯಬೇಕಲ್ವಾ?

ಕಾಯಿಲ್ ಪ್ರತಿ ಸಲವೂ ಇಷ್ಟೇ ವೋಲ್ಟ್ ಅಂತ ಅಳೆದು ಕಳಿಸುವುದಿಲ್ಲ. ವೋಲ್ಟೇಜ್ ಏರುತ್ತಾ ಹೋಗುತ್ತದೆ. ಎಲ್ಲಿ ದಾರಿ ಸಿಕ್ಕಿತೋ ಅಲ್ಲಿ ಹಾರುತ್ತದೆ, ಹಾರಿದ ಕೂಡಲೇ ಏರುವುದು ನಿಲ್ಲುತ್ತದೆ. ಗದ್ದೆಯ ಬದುವಿನ ಹಿಂದೆ ನೀರು ನಿಂತಂತೆ ಅಂದುಕೊಳ್ಳಿ. ಹೊರಗೆ ಹೋಗಲು ನಾವೇ ಬಿಟ್ಟ ತೂಬು ಇದೆ. ಬದುವಿನಲ್ಲಿ ಏಡಿ ಕೊರೆದ ಬಿಲವೂ ಇದೆ. ತೂಬು ಕೆಳಗಿದ್ದು ಬಿಲ ಮೇಲಿದ್ದರೆ ನೀರು ತೂಬಿನಲ್ಲೇ ಹೋಗುತ್ತದೆ, ಬಿಲ ಇದೆ ಅಂತಲೇ ಗೊತ್ತಾಗುವುದಿಲ್ಲ. ತೂಬನ್ನು ಎತ್ತರಿಸಿ ನೋಡಿ. ನೀರು ಏರಿ ಏರಿ ಬಿಲ ಮುಟ್ಟುತ್ತದೆ, ಅಲ್ಲೇ ಸೋರಿ ಖಾಲಿಯಾಗುತ್ತದೆ.

ಪ್ಲಗ್ಗಿನ ಸಂದು ಆ ತೂಬು. ವಯರಿನ ಬಿರುಕು ಏಡಿ ಬಿಲ. ಗಾಳಿಯನ್ನು ಒತ್ತಿದಷ್ಟೂ ಅದರಲ್ಲಿ ಕಿಡಿ ಹಾರಿಸುವುದು ಕಷ್ಟ, ಜಾಸ್ತಿ ವೋಲ್ಟ್ ಬೇಕು. ಸಪಾಟು ರಸ್ತೆಯಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ಸಿಲಿಂಡರಿನೊಳಗೆ ಬರುವ ಗಾಳಿ-ಪೆಟ್ರೋಲ್ ಕಡಿಮೆ, ಒತ್ತಡವೂ ಕಡಿಮೆ. ಕಿಡಿ ಪ್ಲಗ್ಗಿನಲ್ಲೇ ಸುಲಭವಾಗಿ ಹಾರುತ್ತದೆ. ಘಟ್ಟದಲ್ಲಿ ಪೂರ್ತಿ ಒತ್ತಿದಾಗ ಸಿಲಿಂಡರ್ ತುಂಬಿಕೊಳ್ಳುತ್ತದೆ, ಒತ್ತಡ ಏರುತ್ತದೆ, ತೂಬು ಎತ್ತರಕ್ಕೆ ಹೋಗುತ್ತದೆ. ವೋಲ್ಟೇಜ್ ಅಲ್ಲಿಗೆ ಮುಟ್ಟುವ ಮೊದಲೇ ವಯರಿನ ಬಿರುಕಿನಲ್ಲಿ ದಾರಿ ಮಾಡಿಕೊಳ್ಳುತ್ತದೆ. ಆ ಸಿಲಿಂಡರಿಗೆ ಆ ಸಲ ಬೆಂಕಿಯಿಲ್ಲ. ಅದೇ ಜರ್ಕು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾ ಇರುವುದು ಸಮುದ್ರದ ಅಂಚಿನಲ್ಲಿ. ಈ ಎತ್ತರದ ಬಹುಪಾಲನ್ನು ಗಾಡಿ ಘಟ್ಟದ ಕೆಲವೇ ಕಿಲೋಮೀಟರುಗಳಲ್ಲಿ ಹತ್ತಬೇಕು. ಅಂಕೋಲಾದಿಂದ ಯಲ್ಲಾಪುರಕ್ಕೆ ಹೋಗುವ ಅರಬೈಲ್ ಘಟ್ಟದಲ್ಲೂ ಇದೇ ಪರೀಕ್ಷೆ. ಪೇಟೆಯೊಳಗೇ ಓಡಾಡುವ ಗಾಡಿಯಲ್ಲಿ ವರ್ಷಗಟ್ಟಲೆ ಕಾಣದ ಬಿರುಕು ಘಟ್ಟದಲ್ಲಿ ಒಂದೇ ದಿನಕ್ಕೆ ಹೊರಬೀಳುತ್ತದೆ. ಅದಕ್ಕೇ ಗ್ಯಾರೇಜಿಗೆ ಹೋದರೆ ‘ಘಟ್ಟದಲ್ಲಿ, ಮಳೆಯಲ್ಲಿ, ಜೋರಾಗಿ ಒತ್ತಿದಾಗ ಮಾತ್ರ’ ಅಂತ ಬಿಡಿಸಿ ಹೇಳಿ. ಆ ಮೂರು ಮಾತಿನಲ್ಲೇ ಅರ್ಧ ಉತ್ತರ ಇದೆ.

ಮಳೆ ಮತ್ತು ಉಪ್ಪು

ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಬರೀ ಮಳೆನೀರು ಅಷ್ಟು ದೊಡ್ಡ ಶತ್ರು ಅಲ್ಲ. ಶುದ್ಧ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ಅದಕ್ಕೆ ಉಪ್ಪು ಸೇರಿದಾಗ ಲೆಕ್ಕ ಬದಲಾಗುತ್ತದೆ. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪಿನ ಕಣ ಬಾನೆಟ್ಟಿನ ಒಳಗೂ ಕೂರುತ್ತದೆ. ಅಡುಗೆಮನೆಯ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರೊಡೆಯುವುದನ್ನು ಕರಾವಳಿಯವರೆಲ್ಲ ನೋಡಿದ್ದೇವೆ. ಗಾಳಿಯ ತೇವ 75 ಶೇಕಡಾ ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ತೇವ ಅದಕ್ಕಿಂತ ಮೇಲೇ ಇರುತ್ತದೆ. ಹಾಗಾಗಿ ವಯರಿನ ಮೇಲೆ ಕೂತ ಉಪ್ಪು, ಮಳೆಯ ಹನಿ ತಾಗದಿದ್ದರೂ ಒದ್ದೆ ಪೊರೆಯಾಗುತ್ತದೆ. ಆ ಪೊರೆಯಲ್ಲಿ ಕರೆಂಟ್ ಹರಿಯುತ್ತದೆ.

ಇನ್ನೊಂದು ಏಟು ವಯರಿನ ಒಳಗಿನಿಂದಲೇ ಬೀಳುತ್ತದೆ. ಅಷ್ಟು ವೋಲ್ಟೇಜ್ ಇರುವ ವಯರಿನ ಸುತ್ತ ಓಝೋನ್ ಹುಟ್ಟುತ್ತದೆ. ಓಝೋನ್ ರಬ್ಬರನ್ನು ಒಣಗಿಸಿ ಸೀಳುತ್ತದೆ. ಎಂಜಿನ್ನಿನ ಬಿಸಿ, ಎಣ್ಣೆಯ ಜಿಡ್ಡು, ಅಲುಗಾಟ ಎಲ್ಲ ಸೇರಿ ಕೆಲವು ವರ್ಷಕ್ಕೆ ವಯರ್ ಒಣಗಿದ ಬಳ್ಳಿಯ ಹಾಗೆ ಗಟ್ಟಿಯಾಗುತ್ತದೆ. ಬಗ್ಗಿಸಿದರೆ ಮೈಮೇಲೆ ಸಣ್ಣ ಗೆರೆಗಳು ಬಾಯಿ ಬಿಡುತ್ತವೆ. ಆ ಗೆರೆಗಳೊಳಗೇ ಉಪ್ಪಿನ ತೇವ ಇಳಿಯುವುದು.

ಕಾರವಾರದಲ್ಲಿ ಕಡಲ ದಂಡೆಗೆ ತೀರಾ ಹತ್ತಿರ ಮನೆಯಿರುವ ಗೆಳೆಯನ ಓಮ್ನಿಯಲ್ಲಿ ನೋಡಿದ್ದು ಮರೆಯುವ ಹಾಗಿಲ್ಲ. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿದೆ, ಸೀಟು ಎತ್ತಿಯೇ ಕೆಲಸ ಮಾಡಬೇಕು. ಡೆಲ್ಕೋದ ಮುಚ್ಚಳದಿಂದ ಒಂದು ವಯರ್ ಎಳೆದಾಗ ಹಿತ್ತಾಳೆಯ ತುದಿಯ ತುಂಬ ಹಸಿರು ಕಿಲುಬು. ಹಳೆ ದೇವರ ದೀಪದ ಬುಡದಲ್ಲಿ ಕಟ್ಟಿಕೊಳ್ಳುತ್ತದಲ್ಲ, ಅಂಥದೇ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. ಮುಚ್ಚಳದ ಆ ತೂತಿನ ಒಳಗೂ ಅದೇ ಪುಡಿ ತುಂಬಿತ್ತು. ವಯರಿನ ಮೈ ಹೊಸದರಂತೆ ಹೊಳೆಯುತ್ತಿತ್ತು. ಹೊರಗಿನಿಂದ ನೋಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.

ವಯರಿನ ಹೊಟ್ಟೆಯಲ್ಲಿ ಏನಿದೆ

ಬಹಳ ಹಳೆಯ ಗಾಡಿಗಳ ವಯರಿನ ನಡುವೆ ತಾಮ್ರದ ಎಳೆಗಳಿರುತ್ತಿದ್ದವು. ಆಮೇಲೆ ಬಂದದ್ದು ಇಂಗಾಲ ತುಂಬಿದ ನಾರಿನ ತಿರುಳು. ತಾಮ್ರದಲ್ಲಿ ಕರೆಂಟ್ ಸಲೀಸಾಗಿ ಹೋಗುತ್ತದೆ, ಮತ್ತೆ ಇಂಗಾಲ ಯಾಕೆ ಅಂತ ಅನ್ನಿಸಬಹುದು. ಕಿಡಿ ಹಾರಿದಾಗಲೆಲ್ಲ ರೇಡಿಯೊ ಅಲೆಗಳೂ ಹುಟ್ಟುತ್ತವೆ. ತಾಮ್ರದ ವಯರಿದ್ದರೆ ಕಾರಿನ ರೇಡಿಯೊದಲ್ಲಿ ಚರಚರ ಸದ್ದು. ಇಂಗಾಲದ ತಿರುಳು ಬೇಕೆಂದೇ ಸ್ವಲ್ಪ ತಡೆ ಒಡ್ಡಿ ಆ ಗದ್ದಲವನ್ನು ತಗ್ಗಿಸುತ್ತದೆ. ಕಿಡಿಗೆ ಬೇಕಾದ ಕರೆಂಟ್ ತೀರಾ ಕಡಿಮೆ, ಹಾಗಾಗಿ ಈ ತಡೆಯಿಂದ ನಷ್ಟವಿಲ್ಲ.

ಆದರೆ ನಾರಿನ ತಿರುಳಿಗೆ ಎಳೆತ ತಡೆಯುವ ಶಕ್ತಿ ಇಲ್ಲ. ವಯರನ್ನು ಹಿಡಿದು ಜಗ್ಗಿದರೆ ಒಳಗೇ ತುಂಡಾಗುತ್ತದೆ, ಹೊರಗೆ ರಬ್ಬರ್ ಸರಿಯಾಗೇ ಇರುತ್ತದೆ. ಪ್ಲಗ್ ಬದಲಾಯಿಸಲು ಹೋಗಿ ಒಳ್ಳೆ ವಯರನ್ನೇ ಕೆಡಿಸುವುದು ಹೀಗೆ.

ಪರೀಕ್ಷೆ

ಕತ್ತಲೆಯ ಪರೀಕ್ಷೆಯೇ ಮೊದಲನೆಯದು. ಇದನ್ನು ಬಯಲಲ್ಲೇ ಮಾಡಿ. ಮಳೆ ಅಂತ ಮುಚ್ಚಿದ ಶೆಡ್ಡಿನಲ್ಲೋ ಕೊಟ್ಟಿಗೆಯಲ್ಲೋ ಎಂಜಿನ್ ಚಾಲೂ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಅದು ಜೀವ ತೆಗೆಯುತ್ತದೆ. ಒಣ ಚಪ್ಪಲಿ ಹಾಕಿ. ಲುಂಗಿಯ ಅಂಚು, ಹೆಗಲ ಮೇಲಿನ ಟವೆಲ್ಲು ಫ್ಯಾನ್ ಬೆಲ್ಟಿಗೆ ಸಿಗದ ಹಾಗೆ ನೋಡಿಕೊಳ್ಳಿ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ. ವಯರ್ ಮುಟ್ಟಬೇಡಿ, ಕಣ್ಣಿನಲ್ಲೇ ನೋಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರವೂ ಬರಬಾರದು.

ಏನೂ ಕಾಣದಿದ್ದರೆ ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ತನ್ನಿ. ವಯರಿನ ಮೇಲೆ ಮಂಜಿನಷ್ಟು ತೆಳ್ಳಗೆ ನೀರು ಸಿಂಪಡಿಸಿ. ಎಂಜಿನ್ ತಡವರಿಸಿದರೆ ಅಥವಾ ನೀಲಿ ಕಿಡಿ ಕಂಡರೆ ಕಳ್ಳ ಸಿಕ್ಕ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವಯರ್ ಎಳೆದು ನೋಡುವ ಪದ್ಧತಿ ಕೆಲವು ಕಡೆ ಇದೆ. ಅದು ಬೇಡ. ಕೈಗೆ ಜೋರಾಗಿ ಶಾಕ್ ಹೊಡೆಯುತ್ತದೆ, ಎಲೆಕ್ಟ್ರಾನಿಕ್ ಮಾಡ್ಯೂಲ್ ಇದ್ದರೆ ಅದೂ ಸುಡಬಹುದು.

ಇನ್ನು ಮಲ್ಟಿಮೀಟರ್. ಎಂಜಿನ್ ನಿಲ್ಲಿಸಿ, ವಯರ್ ಹೊರಗೆ ತೆಗೆದು, ಎರಡೂ ತುದಿಗೆ ಮೀಟರಿನ ಕಡ್ಡಿ ಹಿಡಿದು ಓಮ್ (ತಡೆಯ ಅಳತೆ) ನೋಡಿ. ಇಂಗಾಲದ ತಿರುಳಿಗೆ ಅಡಿಗೆ ಸುಮಾರು 5,000 ಓಮ್ ಅನ್ನುವುದು ಸಾಮಾನ್ಯ ಲೆಕ್ಕ. ತಯಾರಿಕೆಗೆ ತಕ್ಕಂತೆ ಹೆಚ್ಚುಕಮ್ಮಿ ಇರುತ್ತದೆ. ಉದ್ದ ವಯರಿಗೆ ಜಾಸ್ತಿ, ಗಿಡ್ಡದಕ್ಕೆ ಕಡಿಮೆ ಬರಬೇಕು. ಗಿಡ್ಡ ವಯರ್ ಉದ್ದದ್ದಕ್ಕಿಂತ ಜಾಸ್ತಿ ತೋರಿಸಿದರೆ ಸಂಶಯಪಡಿ. ಮೆಲ್ಲಗೆ ಬಗ್ಗಿಸುವಾಗ ಅಂಕಿ ಕುಣಿದರೆ ತಿರುಳು ಒಡೆದಿದೆ. ಮೀಟರ್ ಏನೂ ತೋರಿಸದಿದ್ದರೆ ಪೂರ್ತಿ ತುಂಡು.

ಒಂದು ವಿಷಯ ಇಲ್ಲಿ ತಪ್ಪಿಹೋಗಬಾರದು. ಮಲ್ಟಿಮೀಟರ್ ತಿರುಳನ್ನು ಮಾತ್ರ ನೋಡುತ್ತದೆ, ರಬ್ಬರನ್ನು ನೋಡುವುದಿಲ್ಲ. ನನ್ನ ನಡುವಿನ ಸಿಲಿಂಡರಿನ ವಯರ್ ಮೀಟರಿನಲ್ಲಿ ಪಾಸಾಗಿತ್ತು! ಸೋರುತ್ತಿದ್ದದ್ದು ಹೊರಮೈ. ಆದ್ದರಿಂದ ಮೀಟರ್ ಸರಿ ಅಂದಿತು ಅಂತ ಕತ್ತಲೆಯ ಪರೀಕ್ಷೆ ಬಿಡಬೇಡಿ.

ಸದ್ದೂ ಸ್ವಲ್ಪ ಹೇಳುತ್ತದೆ. ಒಂದೇ ಸಿಲಿಂಡರಿನ ವಯರ್ ಕೆಟ್ಟಿದ್ದರೆ ತಾಳ ತಪ್ಪದೆ ಒಂದು ಪೆಟ್ಟು ಬಿಟ್ಟುಹೋದ ಹಾಗೆ ಕೇಳುತ್ತದೆ, ಮೂರು ಸಿಲಿಂಡರಿನ ಗಾಡಿ ಮೈಯೆಲ್ಲ ಅಲುಗುತ್ತದೆ. ಕಾಯಿಲಿನಿಂದ ಬರುವ ನಡು ವಯರ್ ಕೆಟ್ಟಿದ್ದರೆ ಯಾವ ಸಿಲಿಂಡರ್ ಯಾವಾಗ ತಪ್ಪುತ್ತದೆ ಅಂತ ಲೆಕ್ಕವಿಲ್ಲ. ಕೆಲವೊಮ್ಮೆ ಗಾಡಿ ಚಾಲೂನೇ ಆಗುವುದಿಲ್ಲ.

ಮಿಸ್ಸಿಂಗ್ ಇಟ್ಟುಕೊಂಡೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಎಂಜಿನ್ ಆಯಿಲಿಗೆ ಸೇರುತ್ತದೆ. ಎಣ್ಣೆ ತೆಳ್ಳಗಾಗಿ ಎಂಜಿನ್ ಸವೆಯುತ್ತದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಆ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನೂ ಹಾಳು ಮಾಡುತ್ತದೆ.

ಕೊಳ್ಳುವಾಗ

ಮೂರು ಸಿಲಿಂಡರಿನ ಗಾಡಿಗೆ ನಾಲ್ಕು ವಯರ್, ನಾಲ್ಕು ಸಿಲಿಂಡರಿನದಕ್ಕೆ ಐದು. ಆ ಜಾಸ್ತಿ ಒಂದು ಕಾಯಿಲಿನದು. ಒಂದೇ ಕೆಟ್ಟಿದ್ದರೂ ಪೂರ್ತಿ ಸೆಟ್ ತನ್ನಿ. ಎಲ್ಲವೂ ಒಂದೇ ಬಿಸಿ, ಒಂದೇ ಉಪ್ಪು ತಿಂದಿವೆ, ಉಳಿದವು ಬಹಳ ದಿನ ಬಾಳುವುದಿಲ್ಲ. 800ರಂಥ ಗಾಡಿಗೆ ಸೆಟ್ಟಿನ ಬೆಲೆ ಕೆಲವು ನೂರು ರೂಪಾಯಿ. ಗಾಡಿಯ ಮಾಡೆಲ್, ವರ್ಷ, ಕಾರ್ಬರೇಟರಿನದೋ ಇಂಜೆಕ್ಷನ್ನಿನದೋ ಅಂತ ಹೇಳಿ ಕೇಳಿ. ಸಿಕ್ಕಿದರೆ ಸಿಲಿಕೋನ್ ಹೊದಿಕೆಯದನ್ನೇ ಆರಿಸಿ, ಅದು ಬಿಸಿ ಮತ್ತು ತೇವ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಜೊತೆಗೆ ಸಿಲಿಕೋನ್‌ನ ಡೈಎಲೆಕ್ಟ್ರಿಕ್ ಗ್ರೀಸಿನ ಸಣ್ಣ ಟ್ಯೂಬ್ ಒಂದು ಬೇಕು. ನಮ್ಮ ಕರಾವಳಿಯಲ್ಲಿ ಇದಿಲ್ಲದೆ ಕೆಲಸ ಅರ್ಧ ಮಾಡಿದ ಹಾಗೆ.

ಒಂದೊಂದಾಗಿ ಮಾತ್ರ

ಎಂಜಿನ್ ಪೂರ್ತಿ ತಣ್ಣಗಿರಲಿ. ಬೆಳಿಗ್ಗೆ ಚಾ ಕುಡಿದು, ಗಾಡಿ ತೆಗೆಯುವ ಮೊದಲೇ ಕೂತರೆ ಒಳ್ಳೆಯದು. ಬ್ಯಾಟರಿಯ ಮೈನಸ್ ತುದಿ ಬಿಚ್ಚಿ ಪಕ್ಕಕ್ಕಿಡಿ. ವಯರುಗಳು ಹೇಗೆ ಹೋಗಿವೆ ಅಂತ ಎರಡು ಮೂರು ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಹೊಸ ವಯರುಗಳನ್ನು ಜಗಲಿಯ ಮೇಲೆ ಉದ್ದದ ಪ್ರಕಾರ ಸಾಲಾಗಿ ಇಡಿ.

ಇಲ್ಲಿ ಒಂದೇ ಕಟ್ಟುನಿಟ್ಟು. ಎಲ್ಲ ವಯರನ್ನೂ ಒಟ್ಟಿಗೆ ಕಿತ್ತುಹಾಕಬೇಡಿ. ಒಂದು ತೆಗೆಯಿರಿ, ಅದರಷ್ಟೇ ಉದ್ದದ ಹೊಸದನ್ನು ಅದೇ ದಾರಿಯಲ್ಲಿ ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಯಾಕೆಂದರೆ ಕಿಡಿಯ ಸರದಿ 1, 2, 3 ಅಂತ ಇರುವುದಿಲ್ಲ. ಮಾರುತಿ 800 ಮತ್ತು ಓಮ್ನಿಯ 796 ಸಿಸಿ ಎಂಜಿನ್ನಿನಲ್ಲಿ ಅದು 1-3-2. ಪದ್ಮಿನಿ ಮತ್ತು ಹಳೆ ಪೆಟ್ರೋಲ್ ಅಂಬಾಸಡರಿನಲ್ಲಿ 1-3-4-2. ಎರಡು ವಯರ್ ಅದಲುಬದಲಾದರೆ ಒಂದು ಸಿಲಿಂಡರಿಗೆ ಹೋಗಬೇಕಾದ ಕಿಡಿ ಇನ್ನೊಂದಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತದೆ. ಗಾಡಿ ಚಾಲೂ ಆಗುವುದಿಲ್ಲ, ಇಲ್ಲವೇ ಕಾರ್ಬರೇಟರಿನಿಂದಲೋ ಸೈಲೆನ್ಸರಿನಿಂದಲೋ ಢಂ ಅನ್ನುತ್ತದೆ. ಒಂದೊಂದಾಗಿ ಬದಲಾಯಿಸಿದರೆ ಈ ಅಂಕಿ ನೆನಪಿಡುವ ಅಗತ್ಯವೇ ಬರುವುದಿಲ್ಲ.

ತೆಗೆಯುವಾಗ ವಯರ್ ಹಿಡಿಯಬೇಡಿ, ಪ್ಲಗ್ಗಿನ ಮೇಲೆ ಕೂತಿರುವ ರಬ್ಬರ್ ಟೋಪಿಯನ್ನು ಹಿಡಿಯಿರಿ. ವರ್ಷಗಳ ಬಿಸಿಗೆ ಅದು ಪ್ಲಗ್ಗಿನ ಪಿಂಗಾಣಿಗೆ ಅಂಟಿಕೊಂಡಿರುತ್ತದೆ. ಮೊದಲು ಅರ್ಧ ಸುತ್ತು ಆಚೆ, ಅರ್ಧ ಸುತ್ತು ಈಚೆ ತಿರುಗಿಸಿ. ‘ಚಕ್’ ಅಂತ ಅಂಟು ಬಿಡುವುದು ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ನೇರ ಎಳೆಯಿರಿ.

ಟೋಪಿ ತೆಗೆದ ಮೇಲೆ ಪ್ಲಗ್ಗನ್ನೂ ನೋಡಿಬಿಡಿ. ಹೆಚ್ಚಿನ ಹಳೆ ಗಾಡಿಗಳಿಗೆ 21 ಎಂಎಂ ಪ್ಲಗ್ ಪಾನಾ ಆಗುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ತುದಿ ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಂದು ಮಾತ್ರ ಕಪ್ಪಾಗಿ ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಬೆಂಕಿ ಸಿಗದ ಸಿಲಿಂಡರ್ ಅದೇ. ವಾಪಸ್ ಹಾಕುವಾಗ ಕೈಯಿಂದಲೇ ಕೊನೆವರೆಗೆ ತಿರುಗಿಸಿ. ಹೊಸ ಪ್ಲಗ್ಗಾದರೆ ಪಾನಾದಿಂದ ಇನ್ನರ್ಧ ಸುತ್ತು, ಹಳೆಯದಾದರೆ ಮೆಲ್ಲಗೆ ಒಂದು ಬಿಗಿ ಸಾಕು. 800ರ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು. ಜೋರು ಮಾಡಿದರೆ ಪ್ಲಗ್ ಕೂರುವ ತೂತಿನ ಮರೆ (ಸುರುಳಿ ಗೆರೆ) ಕಿತ್ತುಬರುತ್ತದೆ, ಆ ಖರ್ಚು ವಯರ್ ಸೆಟ್ಟಿನ ಎಷ್ಟೋ ಪಟ್ಟು.

ಈಗ ಗ್ರೀಸ್. ಕಡಲೆಕಾಳಿನಷ್ಟು ತೆಗೆದು ಟೋಪಿಯ ಒಳಗೋಡೆಗೆ ತೆಳ್ಳಗೆ ಸವರಿ. ಇದು ಕರೆಂಟ್ ಹರಿಸುವ ಗ್ರೀಸ್ ಅಲ್ಲ, ತೇವ ಒಳಗೆ ಬಾರದ ಹಾಗೆ ಬಾಯಿ ಮುಚ್ಚುವಂಥದು. ಮುಂದಿನ ಸಲ ಟೋಪಿ ಸುಲಭವಾಗಿ ಬಿಡುವಂತೆಯೂ ಮಾಡುತ್ತದೆ. ಇದರ ಬದಲು ಚಕ್ರದ ಗ್ರೀಸ್ ಹಾಕಬೇಡಿ, ಪೆಟ್ರೋಲಿಯಂ ಗ್ರೀಸಿಗೆ ರಬ್ಬರ್ ಊದಿಕೊಳ್ಳುತ್ತದೆ. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆಯೂ ಬೇಡ.

ಹೊಸ ವಯರನ್ನು ಒತ್ತುವಾಗ ಎರಡೂ ತುದಿಯಲ್ಲಿ ‘ಟಕ್’ ಅಂತ ಕೂರಬೇಕು. ಡೆಲ್ಕೋದ ಕಡೆಯ ತುದಿ ಬಹಳ ಸಲ ಅರ್ಧವೇ ಕೂತಿರುತ್ತದೆ, ಒಳಗೆ ಗಾಳಿ ತಡೆದು ಹಿಂದೆ ತಳ್ಳುತ್ತದೆ. ಟೋಪಿಯ ಅಂಚನ್ನು ಸ್ವಲ್ಪ ಎತ್ತಿ ಗಾಳಿ ಬಿಟ್ಟು ಮತ್ತೆ ಒತ್ತಿ. ವಯರ್ ಸೈಲೆನ್ಸರಿಗೆ ಹೋಗುವ ಬಿಸಿ ಪೈಪಿಗೆ ತಾಗಬಾರದು, ಚೂಪಾದ ಅಂಚಿಗೆ ಉಜ್ಜಬಾರದು. ಕಂಪನಿಯ ಪ್ಲಾಸ್ಟಿಕ್ ಕ್ಲಿಪ್ ಇದ್ದರೆ ಅದರಲ್ಲೇ ಕೂರಿಸಿ. ಚೆಂದ ಕಾಣಲಿ ಅಂತ ಎಲ್ಲವನ್ನೂ ಸೇರಿಸಿ ಟೇಪ್ ಸುತ್ತಬೇಡಿ. ಬಿಡಿಬಿಡಿಯಾಗಿದ್ದಷ್ಟೂ ಕಿಡಿ ಒಂದರಿಂದ ಇನ್ನೊಂದಕ್ಕೆ ಹಾರುವ ಭಯ ಕಡಿಮೆ.

ವಯರ್ ಹೊಸದಾದರೂ ಜರ್ಕು ಹೋಗದಿದ್ದರೆ ಡೆಲ್ಕೋದ ಮುಚ್ಚಳ ತೆಗೆದು ಒಳಗೆ ಬೆಳಕು ಬಿಡಿ. ಪೆನ್ಸಿಲಿನಿಂದ ಗೀಚಿದ ಹಾಗೆ ಕಪ್ಪು ಗೆರೆ ಕಂಡರೆ ಕಿಡಿ ಅಲ್ಲಿ ದಾರಿ ಮಾಡಿಕೊಂಡಿದೆ ಅಂತ ಅರ್ಥ. ತೊಳೆದರೆ ಹೋಗುವಂಥದಲ್ಲ, ಮುಚ್ಚಳ ಮತ್ತು ರೋಟರ್ ಹೊಸದು ಹಾಕಿ. ಅದೂ ಸರಿಯಿದ್ದರೆ ಕಾಯಿಲ್, ಪಾಯಿಂಟ್ ನೋಡಿ. ಕಾರ್ಬರೇಟರಿನ ಸರದಿ ಅದಾದ ಮೇಲೆ.

ಇಲಿಯ ವಿಷಯ ಬೇರೆಯೇ ಹೇಳಬೇಕು. ಘಟ್ಟದ ಮೇಲೆ, ಅಡಿಕೆ ಮೂಟೆ ಇಟ್ಟ ಅಟ್ಟದ ಪಕ್ಕ ಗಾಡಿ ನಿಲ್ಲಿಸುವ ಮನೆಗಳಲ್ಲಿ ವಯರ್ ಹಾಳಾಗುವುದು ಉಪ್ಪಿಗಿಂತ ಜಾಸ್ತಿ ಇಲಿಯಿಂದ. ಶಿರಸಿಯ ಅಕ್ಕನ ಮನೆಯಲ್ಲಿ ಮಳೆಗಾಲ ಪೂರ್ತಿ ವಾರಕ್ಕೊಮ್ಮೆ ಬಾನೆಟ್ ಎತ್ತಿಡುತ್ತಾರೆ. ಬೆಳಕು ಬಿದ್ದ ಕಡೆ ಇಲಿ ಗೂಡು ಕಟ್ಟುವುದು ಕಡಿಮೆ. ಅಷ್ಟರಲ್ಲೇ ಒಣ ಬಟ್ಟೆಯಿಂದ ವಯರುಗಳನ್ನು ಒರೆಸಿದರೆ ಜಿಡ್ಡೂ ಹೋಗುತ್ತದೆ, ಕಚ್ಚಿದ ಗುರುತೂ ಕಾಣುತ್ತದೆ. ಕರಾವಳಿಯವರೂ ಮಳೆಗಾಲದ ಮೊದಲೊಮ್ಮೆ, ನಡುವೊಮ್ಮೆ ಹೀಗೆ ಒರೆಸಿದರೆ ಉಪ್ಪು ಕೂರುವುದಿಲ್ಲ.

ನಮ್ಮ ಗಾಡಿಗೆ ಹೊಸ ಸೆಟ್ ಹಾಕಿದ ದಿನ ರಾತ್ರಿ ಮತ್ತೆ ಅಂಗಳದ ದೀಪ ಆರಿಸಿದೆವು. ಬಾನೆಟ್ಟಿನ ಒಳಗೆ ಬರೀ ಕತ್ತಲೆ, ಎಲ್ಲೂ ನೀಲಿ ಇಲ್ಲ. ಮರುದಿನ ಮಳೆಯಲ್ಲೇ ಘಟ್ಟ ಹತ್ತಿದೆವು. ಹಳೆ ವಯರುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ಎರಡೂ ಪರೀಕ್ಷೆಯಲ್ಲಿ ಸರಿಯಿತ್ತು. ಉದ್ದ ವಯರ್ ಯಾವ ಸಿಲಿಂಡರಿಗೂ ಮುಟ್ಟುತ್ತದೆ ಅಂತ ಅದನ್ನು ಒರೆಸಿ, ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.